ಹೊತ್ತಿಗೆ ಸರಿಯಾಗಿ ಹೊರಟ ಬಸ್ಸಿನ ಮೇಲೆ ದೂರು

ಹೊಸನಗರ, 12-9-1964

ಬಸ್ಸಿನ ಮಾಲೀಕರಾದ ಶ್ರೀ ವಾಸಪ್ಪನವರಿಗೆ ನಮಸ್ಕಾರ.

ರಿಪ್ಪನ್‌ಪೇಟೆಗೆ ಹೋಗುವ ನಿಮ್ಮ ಎಂಟೂವರೆಯ ಬಸ್ಸು ದಿನವೂ ಮುಕ್ಕಾಲು ಗಂಟೆ ತಡವೆಂದು 1956ರಿಂದ ಮೂರು ವರ್ಷ ಹನ್ನೊಂದು ದೂರು ಬರೆದೆ. ಒಂದಕ್ಕೂ ಉತ್ತರವಿಲ್ಲ. ಕೊನೆಗೆ ಸಿಟ್ಟು ತಾಳಲಾರದೆ, ಯೋಗದ ಪುಸ್ತಕವೊಂದನ್ನು ಓದಿ, ನಿಲ್ದಾಣದ ಬೆಂಚಿನ ಮೇಲೆ ಕಣ್ಣು ಮುಚ್ಚಿ ಧ್ಯಾನಕ್ಕೆ ಕುಳಿತೆ. ಐದು ವರ್ಷ ಒಂದು ದಿನವೂ ತಪ್ಪಿಸಲಿಲ್ಲ. ನಿಮ್ಮ ಬಸ್ಸಾಗಲಿ, ನಮ್ಮ ಹೆಡ್‌ಮಾಸ್ತರಾಗಲಿ ಕದಲಿಸಲಾಗದಂಥ ಬಿಡುಗಡೆ ಮನಸ್ಸಿಗೆ ಸಿಕ್ಕಿತ್ತು.

ಕಳೆದ ಸೋಮವಾರ ನೀವು ಯಾವ ಮುನ್ಸೂಚನೆಯೂ ಇಲ್ಲದೆ ಬಸ್ಸನ್ನು ಎಂಟೂವರೆಗೇ ಬಿಡಿಸಿದಿರಿ. ನಾನು ಕಣ್ಣು ತೆರೆದಾಗ ಅದು ಹೋಗಿ ಅರ್ಧ ಗಂಟೆಯಾಗಿತ್ತು. ಮರುದಿನ ಕಂಡಕ್ಟರ್ ಗುತ್ಯಪ್ಪನನ್ನು ಕೇಳಿದೆ.

“ಎರಡ್ ಸಲ ಹಾರ್ನ್ ಹೊಡೆದ್ವಿ ಮೇಷ್ಟ್ರೇ. ನಿಮ್ಮ ಮುಖ ಅಷ್ಟು ತಣ್ಣಗಿತ್ತು, ಎಬ್ಸೋಕೆ ಮನಸ್ಸೇ ಬರ್ಲಿಲ್ಲ,” ಎಂದ.

ಅಂದಿನಿಂದ ಕಣ್ಣು ಬಿಟ್ಟುಕೊಂಡೇ ಕಾಯುತ್ತಿದ್ದೇನೆ. ಮನೆಯಲ್ಲಿ ಧ್ಯಾನಕ್ಕೆ ಕುಳಿತರೆ ನಿದ್ದೆ ಬರುತ್ತದೆ. ಹಳೆಯ ಸಿಟ್ಟೆಲ್ಲ ಮರಳಿದೆ. ನಿನ್ನೆ ಹೆಡ್‌ಮಾಸ್ತರ ಮೇಲೂ ರೇಗಿದೆ.

ಆದ್ದರಿಂದ ಬರುವ ಸೋಮವಾರದಿಂದ ಬಸ್ಸನ್ನು ದಯವಿಟ್ಟು ಮೊದಲಿನಂತೆ ತಡವಾಗಿ ಬಿಡಿಸಿ. ಇಲ್ಲವಾದರೆ ದೂರು ಬರೆಯುವುದನ್ನು ನಾನು ಮತ್ತೆ ಶುರುಮಾಡಬೇಕಾಗುತ್ತದೆ. ಆ ಅಭ್ಯಾಸ ತಪ್ಪಿಲ್ಲವೆಂದು ಈ ಪತ್ರದಿಂದಲೇ ನಿಮಗೆ ತಿಳಿದಿರಬಹುದು.

ಇತಿ, ನಿಮ್ಮ ಹಳೆಯ ಪ್ರಯಾಣಿಕ,
ಕೆ. ರಾಮಪ್ಪಯ್ಯ, ಉಪಾಧ್ಯಾಯ