ಇಡೀ ದಿನದ ಪಾಸು

೩, ಮಂಗಳವಾರ, ಬೆಳಿಗ್ಗೆ ೭

ಈ ಮಹಾನಗರಕ್ಕೆ ಹೊಸದಾಗಿ ಕಾಲಿಟ್ಟ ಸಮಸ್ತ ಪ್ರವಾಸಿ ಬಾಂಧವರೇ, ಗಂಟುಮೂಟೆ ಕಂಕುಳಲ್ಲಿ ಭದ್ರಪಡಿಸಿಕೊಂಡು ಲಾಲಿಸಿ. ಟ್ಯಾಕ್ಸಿ ಕೈ ಅಡ್ಡ ಹಿಡಿದರೆ ನಿಲ್ಲುತ್ತದೆ. ಇಳಿಯುವಾಗ ನಮ್ಮ ಎದೆ ನಿಲ್ಲುತ್ತದೆ. ಮೆಟ್ರೊ ಒಳ್ಳೆಯದೇ, ನಮಗೆ ಬೇಕಾದ ಕಡೆ ಹೋಗುವುದಿಲ್ಲ, ಅಷ್ಟೇ. ಉಳಿದದ್ದು ಬಸ್ಸು. ಬೆಳಿಗ್ಗೆಯೇ ಕಂಡಕ್ಟರ್ ಹತ್ತಿರ ದಿನದ ಪಾಸು ತೆಗೆದುಕೊಳ್ಳಿ. ಸಂಜೆಯವರೆಗೆ ಎಲ್ಲಿ ಬೇಕಾದರೂ ಹತ್ತಿ, ಎಲ್ಲಿ ಬೇಕಾದರೂ ಇಳಿಯಿರಿ. ವರ್ತುಲ ಬಸ್ಸೇ ಉತ್ತಮ — ಐವತ್ತು ನಿಮಿಷಕ್ಕೆ ಊರಿಗೊಂದು ಸುತ್ತು.

ಕಿಟಕಿ ಬದಿಯ ಸೀಟು,
ಸಿಕ್ಕಿದವನೇ ಲಾಟು.
ಸಿಗದವ ಕಂಬಿಗೆ ಜೋತು
ಆಡದಿರಲಿ ಮಾತು.

ಸಂಜೆ ಅಕ್ಕನಿಗೆ ಓದಿ ಹೇಳಬೇಕು. ಆಸ್ಪತ್ರೆ ಸೇರಿ ಹನ್ನೊಂದು ದಿನ. ಅವಳು ಕಂಡ ಮಹಾನಗರವೆಂದರೆ ವಾರ್ಡಿನ ಕಿಟಕಿಯಾಚೆಯ ನೀರಿನ ಟ್ಯಾಂಕು.

೪, ಬುಧವಾರ

ಹೆಂಗಸರ ವಾರ್ಡು. ಗಂಡಸರಿಗೆ ನಾಲ್ಕರಿಂದ ಆರರವರೆಗೆ ಮಾತ್ರ ಪ್ರವೇಶ. ಉಳಿದ ಹೊತ್ತು ಲಾಡ್ಜಿನಲ್ಲಿ ಸೀಲಿಂಗ್ ನೋಡುವ ಬದಲು ಬಸ್ಸಿನಲ್ಲಿ ಊರು ನೋಡುವುದು ಅಗ್ಗ.

ಇವತ್ತು ಡಾಕ್ಟರಮ್ಮ ಕೋಣೆಗೆ ಕರೆದರು. ಕುರ್ಚಿ ಎಳೆದು ಕೊಟ್ಟಾಗಲೇ ಗೊತ್ತಾಯಿತು. ಔಷಧಿ ನಾಟುತ್ತಿಲ್ಲ. ತಿಂಗಳು, ಹೆಚ್ಚೆಂದರೆ ಎರಡು. ಮನೆಗೆ ಕರೆದುಕೊಂಡು ಹೋಗಬಹುದು ಎಂದರು.

“ಅವರಿಗೂ ಗೊತ್ತಾಗ್ಬೇಕು. ನೀವು ಹೇಳ್ತೀರಾ, ನಾನು ಹೇಳ್ಲಾ?”

“ನಾನೇ ಹೇಳ್ತೀನಿ.”

“ಶುಕ್ರವಾರ ಸಂಜೆ ಐದಕ್ಕೆ ನಾನು ಬಂದು ಅವರ ಹತ್ರ ಮಾತಾಡ್ತೀನಿ. ಅಷ್ಟರಲ್ಲಿ ಹೇಳಿರಿ. ಆಗಲೂ ನೀವು ಪಕ್ಕದಲ್ಲಿರಬೇಕು.”

ತಲೆಯಾಡಿಸಿದೆ. ನಲವತ್ತೈದು ವರ್ಷದ ತಲೆ. ಅಮ್ಮ ಹೋದ ಮೇಲೆ ಇದಕ್ಕೆ ಎಣ್ಣೆ ಹಚ್ಚಿ, ಬೈತಲೆ ತೆಗೆದು ಶಾಲೆಗೆ ಕಳಿಸಿದವಳು ಅಕ್ಕ.

೫, ಗುರುವಾರ

ಹೇಳಲಿಲ್ಲ.

ಹೇಳಬೇಕೆಂದೇ ಹೋದೆ. ಅಕ್ಕ ಮೊದಲು ಪದ್ಯ ಕೇಳಿದಳು. ‘ಲಾಟು’, ಲಾಟ್ ಸಾಹೇಬ ಎಲ್ಲಾ ಹಳೇ ಕಾಲದ್ದಾಯಿತು, ಬೇರೆ ಹುಡುಕು ಎಂದಳು. ಆಮೇಲೆ ಸೆರಗು ಸರಿಮಾಡಿಕೊಂಡು, ಯಾವಾಗ ಬಿಡ್ತಾರಂತೆ ಎಂದು ಕೇಳಿದಳು. ನಾನು ಶುರುಮಾಡಿದೆ: ಇಲ್ಲಿಂದ ರೈಲ್ವೆ ಸ್ಟೇಷನ್ನಿಗೆ ನೇರ ಬಸ್ಸಿಲ್ಲ, ಮಾರುಕಟ್ಟೆಯಲ್ಲಿ ಬದಲಾಯಿಸಬೇಕು, ಎದುರಿನ ಸ್ಟಾಪಿನಲ್ಲಿ ನಿಂತರೆ ಸೀಟು ಗ್ಯಾರಂಟಿ...

ಪೂರ್ತಿ ಕೇಳಿದಳು.

“ನಾನು ಕೇಳಿದ್ದು ಬಸ್ಸಿನ ವಿಷಯ ಅಲ್ಲ ಕಣೋ.”

ಆರು ಗಂಟೆ ಹೊಡೆಯಿತು. ಎದ್ದು ಬಂದೆ. ಗಂಟೆ ಹೊಡೆದವನಿಗೆ ಮನಸ್ಸಿನಲ್ಲೇ ಕೈ ಮುಗಿದೆ.

೬, ಶುಕ್ರವಾರ, ಸಂಜೆ ೭

ಪ್ರವಾಸಿ ಬಾಂಧವರ ಗಮನಕ್ಕೆ: ಶುಕ್ರವಾರ ಸಂಜೆ ಬಸ್ಸನ್ನು ನೆಚ್ಚಬೇಡಿ. ಮೇಲ್ಸೇತುವೆಯ ಮೇಲೆ ಲಾರಿ ಕೆಟ್ಟು ನಿಂತಿತ್ತು. ಹಿಂದೆ ಮೈಲುದ್ದ ಸಾಲು. ಆಸ್ಪತ್ರೆ ಮುಟ್ಟುವಾಗ ಆರೂಕಾಲು. ಕಾವಲುಗಾರ ಒಳಗೆ ಬಿಡಲಿಲ್ಲ.

ಪ್ರಾಸ ಹೊಳೆಯುತ್ತಿಲ್ಲ.

೮, ಭಾನುವಾರ

ನಿನ್ನೆ ಬರೆಯಲಾಗಲಿಲ್ಲ.

ನಿನ್ನೆ ವಾರ್ಡಿನ ಬಾಗಿಲಲ್ಲೇ ನರ್ಸ್ ತಡೆದು ಹೇಳಿದಳು. ಶುಕ್ರವಾರ ಡಾಕ್ಟರಮ್ಮ ಐದೂವರೆಯವರೆಗೂ ನನಗಾಗಿ ಕಾದರಂತೆ. ನಾನು ಹೇಳಿರುತ್ತೇನೆಂದು ತಿಳಿದು ಮಾತು ತೆಗೆದರಂತೆ. ಅಕ್ಕ ಒಬ್ಬಳೇ, ಗೋಡೆಗೆ ಒರಗಿ ಕೂತು ಎಲ್ಲಾ ಕೇಳಿಸಿಕೊಂಡಳಂತೆ. ಅಳಲಿಲ್ಲವಂತೆ. ಕೇಳಿದ್ದು ಒಂದೇ — “ನನ್ ತಮ್ಮಂಗೆ ಗೊತ್ತಾ?”

ಗೊತ್ತು, ಬುಧವಾರವೇ ಹೇಳಿದ್ದೀನಿ, ಅಂದರಂತೆ.

ಒಳಗೆ ಹೋದೆ. ಅಕ್ಕ ಜರುಗಿ ಮಂಚದ ತುದಿಯಲ್ಲಿ ಜಾಗ ಮಾಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ನಿನ್ನೆ ಬಸ್ಸು ಸಿಗ್ಲಿಲ್ವಾ?”

ಲಾರಿ, ಸೇತುವೆ, ಸಾಲು — ಎಲ್ಲಾ ಹೇಳಿದೆ. ಕೇಳದಿದ್ದರೂ ಲಾರಿಯ ಬಣ್ಣವನ್ನೂ ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡೇ ಇದ್ದಳು.

“ಪಾಪ, ಡ್ರೈವರಿಗೆ ಏನೂ ಆಗ್ಲಿಲ್ಲ ತಾನೆ?”

ಇಲ್ಲ ಎಂದೆ.

ಬಾಂಧವರೂ ಇಲ್ಲ, ಮಣ್ಣೂ ಇಲ್ಲ. ಲಾರಿಯೂ ಇರಲಿಲ್ಲ. ಶುಕ್ರವಾರ ರಸ್ತೆ ಖಾಲಿ ಇತ್ತು. ಬಸ್ಸು ನಾಲ್ಕೂ ಹತ್ತಕ್ಕೆ ಆಸ್ಪತ್ರೆಯ ಮುಂದೆ ನಿಂತಿತು. ಒಂದು ಸುತ್ತು ಹಾಕಿ ಐದಕ್ಕೆ ಮತ್ತೆ ಅಲ್ಲೇ ನಿಂತಿತು. ಕಂಡಕ್ಟರ್ ನನ್ನ ಮುಖ ನೋಡಿಯೇ ಕೂಗಿದ, ಆಸ್ಪತ್ರೆ, ಆಸ್ಪತ್ರೆ ಅಂತ. ಎರಡು ಸಲ. ಮೂರನೆಯ ಸಲ ಹೆಗಲು ಮುಟ್ಟಿ ಕೇಳಿದ, ಇಳಿಯಲ್ವಾ ಸಾರ್ ಎಂದು. ನಾನು ಪಾಸು ತೆಗೆದು ತೋರಿಸಿ, ಇದು ಇಡೀ ದಿನದ್ದು ಅಂತ —