ಕೋಡ್ ಒತ್ತದವರ ಕರೆ

ಮಾರ್ಚ್ 3
ಬೆಳಗ್ಗೆಯಿಂದ ಕೋಡ್ ಹಾಕುವುದೇ ಕೆಲಸ. ಆಫೀಸಿಗೆ ಕರೆ ಹಂಚುವ ಹೊಸ ಪೆಟ್ಟಿಗೆ ಬಂದಿದೆ — ಟೆಲಿಫೋನ್ ಲೈನು ಒಂದೇ, ಪೋರ್ಟು ನಾಲ್ಕು. ಕರೆ ಮಾಡಿದವರು 1 ಒತ್ತಿದರೆ ಮಾರಾಟ, 2 ಅಕೌಂಟ್ಸ್, 3 ರಿಪೇರಿ, ಅಂದರೆ ನನ್ನ ಮೇಜು. ಏನೂ ಒತ್ತದಿದ್ದರೆ ನಾಲ್ಕನೆಯದಕ್ಕೆ, ಫ್ಯಾಕ್ಸಿಗೆ. "ಫ್ಯಾಕ್ಸ್ ಮಷೀನಿಗೆ ಕೋಡ್ ಒತ್ತೋಕೆ ಬರಲ್ವಲ್ಲ, ಅದಕ್ಕೇ" ಎಂದರು ಮ್ಯಾನೇಜರ್. ಸರಿ ಎನಿಸಿತು. ಎಲ್ಲರೂ ಮೊಬೈಲಿನಿಂದ ಒತ್ತಿ ನೋಡಿದೆವು. ಅಚ್ಚುಕಟ್ಟು.

ಮಾರ್ಚ್ 9
ಸಿಟ್ಟು ಇಳಿಯುತ್ತಿಲ್ಲ. ಮಧ್ಯಾಹ್ನ ಚಿಕ್ಕಮ್ಮ ತನ್ನ ಕಟ್ಟಡದ ಲಿಫ್ಟಿನಲ್ಲಿ ಸಿಕ್ಕಿಕೊಂಡಳು. ನಮ್ಮ ಕಂಪನಿಯೇ ಕೂರಿಸಿದ ಲಿಫ್ಟು. ಒಳಗಿನ ಫೋನೂ ನಮ್ಮದೇ — ಒಂದೇ ಕೆಂಪು ಗುಂಡಿ, ಒತ್ತಿದರೆ ನೇರ ಆಫೀಸಿಗೆ. ಅಂಕಿಗಳೇ ಇಲ್ಲ! 3 ಎಲ್ಲಿ ಒತ್ತಬೇಕು, ಗೋಡೆಗಾ? ಕರೆ ಸೀದಾ ಫ್ಯಾಕ್ಸಿಗೆ ಹೋಯಿತು.

"ಕಾಪಾಡಿ ಅಂದ್ರೆ ನಿಮ್ಮ ಕಂಪನಿ ಕೀಂ ಅಂತ ಕಿರುಚುತ್ತಲ್ಲೇ!" ಎಂದಳು ಆಮೇಲೆ. ಕೊನೆಗೆ ವಾಚ್‌ಮನ್ ಬಾಗಿಲು ಮೀಟಿ ತೆಗೆದನಂತೆ. ಇನ್ನು ಲಿಫ್ಟೇ ಬೇಡವಂತೆ. ಆ ಮಂಡಿಯಲ್ಲಿ ಐದು ಮಹಡಿ ಮೆಟ್ಟಿಲು... ನನ್ನನ್ನು ಸಾಕಿದವಳು.

ಲಿಫ್ಟ್ ಮಾರುವ ನಮಗೇ ಲಿಫ್ಟಿನ ಫೋನು ನೆನಪಾಗಲಿಲ್ಲ. ದೀಪದ ಬುಡದಲ್ಲೇ ಕತ್ತಲು. ನಾಚಿಕೆಯಾಗಬೇಕು ನಮಗೆ.

ಮಾರ್ಚ್ 10
ಕೋಡ್ ಇಲ್ಲದ ಕರೆ ನನ್ನ ಮೇಜಿಗೆ ಬರಲಿ ಎಂದೆ. ಮ್ಯಾನೇಜರ್ ತಲೆ ಎತ್ತಲಿಲ್ಲ. "ಆರ್ಡರೆಲ್ಲ ಬರೋದೇ ಫ್ಯಾಕ್ಸಲ್ಲಿ ಕಣ್ರೀ. ನಿಮ್ಮ ಚಿಕ್ಕಮ್ಮನಿಗೋಸ್ಕರ ವ್ಯಾಪಾರ ಬಿಡೋಕಾಗುತ್ತಾ?"

ಲಿಫ್ಟು ಹತ್ತುವವಳು ನಮ್ಮ ಚಿಕ್ಕಮ್ಮ ಒಬ್ಬಳೇನಾ? ಮೈಯೆಲ್ಲ ಉರಿದುಹೋಯಿತು. ಎಷ್ಟು ಹೇಳಿದರೂ ಕೋಣನ ಮುಂದೆ ಕಿನ್ನರಿ.

ಮಾರ್ಚ್ 11
ಯಾರನ್ನೂ ಕೇಳದೆ ಬದಲಿಸಿಬಿಟ್ಟೆ. ಕೋಡ್ ಇಲ್ಲದ್ದು ನನಗೆ. ಫ್ಯಾಕ್ಸಿಗೆ 4. ಈಗ ಊರಿನ ಫ್ಯಾಕ್ಸೆಲ್ಲ ನನ್ನ ಕಿವಿಯಲ್ಲಿ ಕಿರುಚುತ್ತಿದೆ. ಕಿರುಚಲಿ, ಒಂದೊಂದನ್ನೂ ನಾನೇ 4 ಒತ್ತಿ ದಾಟಿಸುತ್ತೇನೆ.

ಇನ್ನು ಗುಂಡಿ ಒತ್ತಿದರೆ ನಾನೇ ಎತ್ತುತ್ತೇನೆ, ಧೈರ್ಯವಾಗಿ ಹತ್ತು ಎಂದು ಚಿಕ್ಕಮ್ಮನಿಗೆ ಹೇಳಿದೆ. "ನೋಡೋಣ" ಎಂದಳು. ನಂಬಿದ ಹಾಗೆ ಕಾಣಲಿಲ್ಲ.

ಮಾರ್ಚ್ 16, ಸಂಜೆ
ಒಂದು ಆರ್ಡರ್ ತಪ್ಪಿಹೋಗಿ ಗುಟ್ಟು ರಟ್ಟಾಯಿತು. "ಸಂಜೆಯೊಳಗೆ ಮೊದಲಿನ ಹಾಗೇ ಮಾಡಿ. ಇಲ್ಲಾಂದ್ರೆ ನಾಳೆಯಿಂದ ಬರಬೇಡಿ." ಮಾಡಲಿಲ್ಲ. ಕೆಲಸ ಹೋದರೆ ಹೋಗಲಿ ಎಂದು ಕೂತೆ.

ಮ್ಯಾನೇಜರ್ ನನ್ನ ಮೇಜಿಗೇ ಬಂದರು. ಅಷ್ಟರಲ್ಲಿ ರಿಂಗ್. ಸಿಟ್ಟಿನಲ್ಲಿ ತಾವೇ ಎತ್ತಿದರು. ಚಿಕ್ಕಮ್ಮನ ದನಿ ನನಗೂ ಕೇಳಿಸಿತು:

"ಸಿಕ್ಕಿಕೊಂಡಿಲ್ಲಪ್ಪಾ. ಯಾರಾದ್ರೂ ಎತ್ತುತ್ತಾರಾ ಅಂತ ನೋಡ್ದೆ. ನೀವ್ಯಾರು?"

ಮ್ಯಾನೇಜರ್ ನನ್ನ ಮುಖ ನೋಡಿದರು. "...ರಿಪೇರಿಯವರು ಕಣಮ್ಮಾ."

"ಹಾಗಾದ್ರೆ ನಾಳೆ ಬೆಳಗ್ಗೆ ಐದಕ್ಕೆ ವಾಕಿಂಗಿಗೆ ಲಿಫ್ಟಲ್ಲೇ ಇಳೀತೀನಿ. ಮೆಟ್ಟಿಲು ಹತ್ತಿ ಹತ್ತಿ ಮಂಡಿ ಹೋಯ್ತು."

ರಿಸೀವರ್ ಇಟ್ಟವರು ಕೋಡಿನ ಮಾತೇ ಎತ್ತದೆ ಹೊರಟುಹೋದರು. ಗೆದ್ದೆ! ಕುಣಿಯುವಷ್ಟು ಖುಷಿ. ಬೀಗದ ಕೈ ಹಿಡಿದು ಬಾಗಿಲವರೆಗೂ ಹೋದವಳು ವಾಪಸ್ ಬಂದು ಕೂತಿದ್ದೇನೆ. ಬೆಳಗ್ಗೆ ಐದಕ್ಕೆ ಈ ಮೇಜಿನ ಮುಂದೆ ಯಾರು—