ರಾಕ್ಷಸಿ ಹಿಡಿಯುವ ಆಟ

ಬೀದರ್
ಮೇ ೧೨, ೨೦೨೪

ಮಹಾಮಾಯಾ ಅಕ್ಕಾ,

ಜೈ ಭೀಮ್. ನೀನು ಆಯಿಯನ್ನು ಕರೆದುಕೊಂಡು ಔರಾದಿಗೆ ಹೋದಾಗಿನಿಂದ ನನ್ನ ಫೋನ್ ಎತ್ತುತ್ತಿಲ್ಲ. ಅದಕ್ಕೇ ಕಾಗದ. ಹರಿದು ಎಸೆಯುವುದಿದ್ದರೂ ಓದಿ ಎಸೆ.

ಆಸ್ಪತ್ರೆಯ ವರಾಂಡದಲ್ಲಿ ನೀನು ನನ್ನ ಮಗಳ ಕೆನ್ನೆಗೆ ಹೊಡೆದದ್ದಕ್ಕೆ ಸಿಟ್ಟಿಲ್ಲ. ನಿನ್ನನ್ನು ಹೆತ್ತವಳ, ನನ್ನ ಅತ್ತೆಯ ಸೊಂಟದ ಎಲುಬು ಮುರಿದಿತ್ತು, ಹೊಡೆದೆ. ಆದರೆ 'ಈ ಪೋರಿ ಮತ್ತ ನಮ್ಮ ಆಯಿ ಕಣ್ಣಿಗಿ ಬೀಳಬಾರ್ದು' ಎಂದೆಯಲ್ಲ, ಆರು ವರ್ಷದ ಗೌತಮಿಗೆ ಆ ಶಿಕ್ಷೆ ಕೊಡುವ ಮೊದಲು ಅಪರಾಧಿ ಯಾರೆಂದು ಕೇಳು. ಅಪರಾಧಿ ನಮ್ಮ ಗೋಡೆಯ ಮೇಲಿದೆ. ಸ್ವಿಚ್ ಒತ್ತಿದರೆ ಹಾಡುತ್ತದೆ.

ನಾವಿಬ್ಬರೂ ದಲಿತ ಸಂಘಟನೆಯಲ್ಲಿ ಬೆಳೆದವರು, ಭಾಲ್ಕಿಯ ಗೋಡೆಗಳ ಮೇಲೆ ಘೋಷಣೆ ಬರೆದವರು. ಆ ಕಣ್ಣಿನಿಂದಲೇ ಒಮ್ಮೆ ಗೌತಮಿ ಟಿವಿಯಲ್ಲಿ ನೋಡುವ ಕಾರ್ಟೂನ್ ನೋಡು. ಹೊಡೆಯುವವನು ಬೆಣ್ಣೆಯ ಬಣ್ಣ. ಹೊಡೆಸಿಕೊಳ್ಳುವ ರಾಕ್ಷಸಿ ಕರಿ ಹಂಚಿನ ಬಣ್ಣ, ದಪ್ಪ ತುಟಿ, ಗದ್ದದ ಮೇಲೆ ಹಸಿರು ಗುರುತು. ಅವಳನ್ನು ಬಂಡೆಗೆ ಅಪ್ಪಳಿಸುತ್ತಾರೆ, ರೊಟ್ಟಿಯಂತೆ ಚಪ್ಪಟೆಯಾಗುತ್ತಾಳೆ, ಏಳುತ್ತಾಳೆ, ಮತ್ತೆ ಅಪ್ಪಳಿಸುತ್ತಾರೆ. ಒಂದು ಹನಿ ರಕ್ತ ಬರುವುದಿಲ್ಲ. ಮಕ್ಕಳು ನಗುತ್ತವೆ. ಕರಿ ಮೈಗೆ ನೋವಿಲ್ಲ ಎಂಬ ಪಾಠವನ್ನು ಮೊದಲು ಊರಗೌಡರು ಬಾರುಕೋಲಿನಿಂದ ಕಲಿಸುತ್ತಿದ್ದರು. ಈಗ ಬಣ್ಣ ಹಚ್ಚಿ, ಬಿಸ್ಕೀಟಿನ ಜಾಹೀರಾತಿನ ನಡುವೆ ಕಲಿಸುತ್ತಾರೆ.

ಆಯಿಯ ಗದ್ದದ ಮೇಲೆ ಮೂರು ಹಸಿರು ಹಚ್ಚೆ ಚುಕ್ಕಿಗಳಿವೆಯಲ್ಲ, ಗೌತಮಿ ಅವನ್ನೇ ಹಿಡಿದಳು. 'ಆಯಿ, ನೀ ರಾಕ್ಷಸಿ ಇದ್ದಿ' ಎಂದಳು. ಆಯಿ ಉಳಿದ ಎರಡು ಹಲ್ಲು ತೋರಿಸಿ, 'ಹೌದ ನಮ್ಮವ್ವ, ನಿನಗ ಚಟ್ನಿ ಹಚ್ಚಿ ತಿಂತೀನಿ' ಎಂದಳು. ಆಮೇಲೆ ಹುಡುಗಿ ಅವಳ ಕೈಯ ರೊಟ್ಟಿ ಬಿಟ್ಟಳು. 'ರಾಕ್ಷಸಿ ಮುಟ್ಟಿದ್ದು ತಿಂದ್ರ ನಾ ಕರ್ರಗ ಆಗ್ತೀನಿ' ಅಂದಳು. ಆಯಿ ಆ ರೊಟ್ಟಿಯನ್ನು ತಾನೇ ತಿಂದಳು. ಹೋಟೆಲಿನ ಹೊರಗೆ ಆಯಿಗೆ ಬೇರೆ ಕಪ್ಪಿನಲ್ಲಿ ಚಹಾ ಕೊಡುತ್ತಿದ್ದರೆಂದು ವೇದಿಕೆಯ ಮೇಲೆ ಅತ್ತವಳು ನಾನು. ನನ್ನ ಮನೆಯಲ್ಲಿ ಇದಕ್ಕೆ ನಕ್ಕೆ. ಅದನ್ನು ಮುಚ್ಚಿಡುವುದಿಲ್ಲ.

ಮುಂದೆ ಅದು ಆಟವಾಯಿತು. ಆಟಿಕೆಯ ಪಿಸ್ತೂಲಿನಿಂದ ಆಯಿಯ ಮುಖಕ್ಕೆ ನೀರು ಹೊಡೆಯುವುದು, ಅಡುಗೆಮನೆಗೆ ದೂಡಿ ಬಾಗಿಲು ಎಳೆದು ಮುಚ್ಚುವುದು, 'ರಾಕ್ಷಸಿ ಸಿಕ್ಕಳು' ಎಂದು ಚಪ್ಪಾಳೆ.

ಅವತ್ತು ಭಾನುವಾರ, ಗೌತಮಿಯ ಹುಟ್ಟುಹಬ್ಬ. ನಿನ್ನ ತಮ್ಮ ಹಲಬರ್ಗಾಕ್ಕೆ ಹೋಗಿದ್ದ. ಮಹಡಿಯ ಮೇಲಿರುವ ನಮ್ಮ ಮನೆ ಮಾಲಕಿ ಕಸ್ತೂರಿಬಾಯಿಯನ್ನು ಚಹಾಕ್ಕೆ ಕರೆದಿದ್ದೆ. ಅವರ ಗೋಡೆಯ ಮೇಲೆ ಬಸವಣ್ಣನ ಫೋಟೊ, ಬಾಯಲ್ಲಿ 'ನೀವು ಯಾವ ಮಂದಿರಿ?' ಎಂಟು ಬಾಡಿಗೆ ಮನೆ ತಪ್ಪಿದ ಮೇಲೆ ಒಂಬತ್ತನೆಯದರಲ್ಲಿ ನಾನು ಜಾತಿಯ ಸುಳ್ಳು ಹೇಳಿದ್ದು ನಿನಗೆ ಗೊತ್ತು. ಒಂದು ತಾಸು ಸುಮ್ಮನಿರೆಂದು ಆಯಿಗೆ ಕೈಮುಗಿದೆ. 'ಬಂದವ್ರಿಗಿ ಜೈ ಭೀಮ್ ಅನ್ನಬ್ಯಾಡೇನು? ಹಾಂಗಿದ್ರ ಈ ಬಾಯಿ ಯಾಕ ಇಟ್ಕೊಂಡೀನವಾ?' ಎಂದಳು.

ಮಧ್ಯಾಹ್ನ ಆಯಿ ಹಿತ್ತಲಿನ ಬಚ್ಚಲಿಗೆ ಹೋದಳು. ಹೊರಗಿನಿಂದ ಚಿಲಕ ಬಿತ್ತು. ಕಾರ್ಟೂನ್ ಜೋರಾಗಿತ್ತು. ಒಂದೂವರೆ ತಾಸು. ತಗಡಿನ ಮಾಳಿಗೆ, ಏಪ್ರಿಲ್ ಬಿಸಿಲು. ಬಾಗಿಲು ತೆಗೆದಾಗ ಆಯಿ ಒದ್ದೆ ಕಲ್ಲಿನ ಮೇಲೆ ಬಿದ್ದಿದ್ದಳು, ಬಾಗಿಲು ಬಡಿದು ಬಡಿದು ಬಳೆ ಒಡೆದು ಮುಂಗೈ ತುಂಬ ರಕ್ತ. ಆಸ್ಪತ್ರೆಯಲ್ಲಿ ಅವಳು ನಿನಗೆ ಹೇಳಿದ್ದು ಒಂದೇ ಮಾತು: 'ಕೂಸು ಆಟ ಆಡ್ಲತ್ತಿತ್ತು, ಬಿಡು.'

ಅಕ್ಕಾ, ಸಾಲಿ ಸುರುವಾಗುವ ಮೊದಲು ಗೌತಮಿಯನ್ನು ಔರಾದಿಗೆ ಕರೆಸಿಕೋ. ಆಯಿಯ ಹಾಸಿಗೆಯ ಹತ್ತಿರ ಒಂದು ದಿನ ಕೂಡಲಿ. ಇಷ್ಟೇ ಬೇಡುತ್ತೇನೆ. ಅವಳು ಈಗ ಟಿವಿಗೆ ಬೆನ್ನು ಮಾಡಿ ಕೂಡುತ್ತಾಳೆ. ಹಸಿರು ಸ್ಕೆಚ್ ಪೆನ್ನಿನಿಂದ ತನ್ನ ಗದ್ದಕ್ಕೇ ಮೂರು ಚುಕ್ಕಿ ಇಟ್ಟುಕೊಂಡು, 'ಈಗ ನಾ ರಾಕ್ಷಸಿ, ಹೊಡೀರಿ' ಅನ್ನುತ್ತಾಳೆ. ಉಜ್ಜಿ ತೊಳೆದರೆ ಮತ್ತೆ ಇಟ್ಟುಕೊಳ್ಳುತ್ತಾಳೆ.

ನಿನ್ನ ತಮ್ಮನ ಹೆಂಡತಿ,
ವಿಶಾಖಾ

ತಾ.ಕ.: ಅಂಟಿಸಿದ ಲಕೋಟೆಯನ್ನು ಒಡೆದು ಇದನ್ನು ಬರೆಯುತ್ತಿದ್ದೇನೆ. ಚಿಲಕ ಹಾಕಿದವಳು ಗೌತಮಿ ಅಲ್ಲ, ನಾನು. ಕಸ್ತೂರಿಬಾಯಿ ಮೆಟ್ಟಿಲಿಳಿಯುವ ಸಪ್ಪಳ ಕೇಳಿತ್ತು. ಹತ್ತು ನಿಮಿಷ ಅಂದುಕೊಂಡೆ, ಅವರು ಎರಡನೇ ಸಲ ಚಹಾ ಕೇಳಿದರು. ಆಯಿ ಬಾಗಿಲು ಬಡಿಯತೊಡಗಿದಾಗ ರಿಮೋಟ್ ಹಿಡಿದು ಕಾರ್ಟೂನಿನ ಶಬ್ದ ಏರಿಸಿದವಳೂ ನಾನೇ. ಆಯಿ ಒಳಗಿನಿಂದ ಕೂಗಿದ್ದು ನನ್ನ ಹೆಸರನ್ನು. ಆಸ್ಪತ್ರೆಯಲ್ಲಿ ಯಾರು ಮಾಡಿದ್ದೆಂದು ನೀನು ಕೇಳಿದಾಗ ನನ್ನ ಬೆರಳು ಮಗಳ ಕಡೆ ಹೋಯಿತು. ಅವಳು ನಂಬಿದಳು.

ನಿನ್ನೆ ಅವಳು ಆ ಬಾಗಿಲ ಮುಂದೆ ನಿಂತು, ತುದಿಗಾಲಲ್ಲಿ ಜಿಗಿಜಿಗಿದು ನೋಡಿ ಕೇಳಿದಳು: 'ಮಮ್ಮಿ, ನಂಗ ಚಿಲಕ ನಿಲುಕವಲ್ದು. ಅವತ್ತ ನಾ ಹ್ಯಾಂಗ ಹಾಕಿದ್ನಿ?'

ನೀನು ಸ್ಟೂಲ್ ಮೇಲೆ ಹತ್ತಿದ್ದೆ ಎಂದೆ. ನಮ್ಮ ಮನೆಯಲ್ಲಿ ಸ್ಟೂಲ್ ಇಲ್ಲ.